ಹಗುರ ಮಳೆ ಜಾಕೆಟ್

ಹಗುರ ಮಳೆ ಜಾಕೆಟ್ ಎಂಬುದು ಚಾರಣ, ಪರ್ವತಾರೋಹಣ ಮೊದಲಾದ ಹೊರಾಂಗಣ ಚಟುವಟಿಕೆಗಳಲ್ಲಿ ಮಳೆ ಮತ್ತು ಗಾಳಿಯಿಂದ ದೇಹವನ್ನು ರಕ್ಷಿಸಿಕೊಳ್ಳಲು ಧರಿಸುವ ಮೇಲುಡುಪು. ಇದನ್ನು ಸಣ್ಣದಾಗಿ ಮಡಚಿ ಬೆನ್ನುಚೀಲದಲ್ಲಿ ಒಯ್ಯಬಹುದು. ಸಾಮಾನ್ಯವಾಗಿ ಇದರ ತೂಕ 200ರಿಂದ 400 ಗ್ರಾಂ ಇರುತ್ತದೆ. ನೈಲಾನ್ ಅಥವಾ ಪಾಲಿಯೆಸ್ಟರ್ ಬಟ್ಟೆಯ ಒಳಮೈಗೆ ನೀರು ತಡೆಯುವ ಲೇಪನವನ್ನೋ ತೆಳುವಾದ ಪೊರೆಯನ್ನೋ ಸೇರಿಸಿ ಇದನ್ನು ತಯಾರಿಸುತ್ತಾರೆ.

ಮಳೆಯ ನೀರನ್ನು ಹೊರಗೇ ತಡೆಯುವುದು ಮತ್ತು ಮೈಯ ಬೆವರಿನ ಆವಿಯನ್ನು ಹೊರಗೆ ಬಿಡುವುದು ಮಳೆ ಜಾಕೆಟ್ಟಿನ ಎರಡು ಮುಖ್ಯ ಕೆಲಸಗಳು. ಇವೆರಡೂ ಪರಸ್ಪರ ವಿರುದ್ಧವಾದ ಬೇಡಿಕೆಗಳಾಗಿರುವುದರಿಂದ ಯಾವ ಜಾಕೆಟ್ಟೂ ಎರಡನ್ನೂ ಪೂರ್ಣವಾಗಿ ಮಾಡಲಾರದು. ದೀರ್ಘಕಾಲದ ಮಳೆಯಲ್ಲಿ ಬೆಟ್ಟ ಹತ್ತುವವರು ದುಬಾರಿ ಜಾಕೆಟ್ ಧರಿಸಿದ್ದರೂ ಸ್ವಲ್ಪಮಟ್ಟಿಗೆ ಒದ್ದೆಯಾಗುತ್ತಾರೆ. ಆದ್ದರಿಂದ ಪರ್ವತ ಪ್ರದೇಶದಲ್ಲಿ ಇದರ ಪ್ರಧಾನ ಉದ್ದೇಶ ಮೈಯನ್ನು ಸಂಪೂರ್ಣ ಒಣಗಿಸಿಡುವುದಲ್ಲ, ದೇಹದ ಶಾಖವನ್ನು ಉಳಿಸುವುದು. ಈ ಉದ್ದೇಶಕ್ಕೆ ಕಡಿಮೆ ಬೆಲೆಯ ಜಾಕೆಟ್ಟೂ ಸಾಕಾಗಬಹುದು. ಆದರೆ ಅದರ ಹೊಲಿಗೆ, ತಲೆಮುಸುಕು, ಗಾಳಿಯಾಟ ಮತ್ತು ಅಳತೆ ಸರಿಯಾಗಿರಬೇಕು.

## ಅಗತ್ಯ ಮತ್ತು ಸುರಕ್ಷತೆ

ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶಾಖವನ್ನು ಸಾಗಿಸುತ್ತದೆ. ಒದ್ದೆ ಬಟ್ಟೆಯ ಮೇಲೆ ಗಾಳಿ ಬೀಸಿದಾಗ ನೀರು ಆವಿಯಾಗುತ್ತ ಮೈಯ ಶಾಖವನ್ನು ಇನ್ನಷ್ಟು ಹೀರಿಕೊಳ್ಳುತ್ತದೆ. ದೇಹದ ಒಳಗಿನ ಉಷ್ಣಾಂಶ 35 °ಸೆ.ಗಿಂತ ಕೆಳಗಿಳಿಯುವ ಸ್ಥಿತಿಯನ್ನು ಹೈಪೋಥರ್ಮಿಯಾ ಎನ್ನುತ್ತಾರೆ. ನಿಲ್ಲದ ನಡುಕ, ಮಾತು ತೊದಲುವುದು, ಹೆಜ್ಜೆ ತಪ್ಪುವುದು, ಗೊಂದಲ ಮತ್ತು ಅತಿಯಾದ ಆಯಾಸ ಇದರ ಲಕ್ಷಣಗಳು. ಹಿಮ ಬೀಳುವ ಚಳಿಯಲ್ಲಿ ಮಾತ್ರ ಇದು ಉಂಟಾಗುತ್ತದೆ ಎಂಬ ನಂಬಿಕೆ ತಪ್ಪು. ಮಳೆ, ಗಾಳಿ ಮತ್ತು ದಣಿವು ಒಟ್ಟುಗೂಡಿದರೆ 10 °ಸೆ.ಗಿಂತ ಹೆಚ್ಚಿನ ಉಷ್ಣಾಂಶದಲ್ಲೂ ಇದು ಸಂಭವಿಸಬಲ್ಲದು.

ಎತ್ತರ ಹೆಚ್ಚಿದಂತೆ ಉಷ್ಣಾಂಶ ಇಳಿಯುತ್ತದೆ. ಸರಾಸರಿ ಪ್ರತಿ 1,000 ಮೀಟರ್ ಏರಿಕೆಗೆ ಸುಮಾರು 6.5 °ಸೆ. ಇಳಿಕೆಯಾಗುತ್ತದೆ ಎಂದು ಲೆಕ್ಕ ಹಾಕಲಾಗುತ್ತದೆ. ಈ ಲೆಕ್ಕದಂತೆ ಕರಾವಳಿಯ ಪಟ್ಟಣಕ್ಕಿಂತ ಸುಮಾರು 1,890 ಮೀಟರ್ ಎತ್ತರದ ಕುದುರೆಮುಖ ಶಿಖರದಲ್ಲಿ ಸುಮಾರು 12 °ಸೆ.ನಷ್ಟು ಹೆಚ್ಚು ತಂಪಿರಬಹುದು. ನೆತ್ತಿಯ ಬೋಳು ಹುಲ್ಲುಗಾವಲಿನಲ್ಲಿ ಗಾಳಿಗೆ ಮರಗಳ ತಡೆಯೂ ಇರುವುದಿಲ್ಲ. ಬುಡದಲ್ಲಿ ಸೆಖೆಯಿದ್ದುದರಿಂದ ಜಾಕೆಟ್ಟನ್ನು ವಾಹನದಲ್ಲೇ ಬಿಟ್ಟುಹೋದವರು ತೊಂದರೆಗೆ ಸಿಲುಕುವುದು ಇಂತಹ ಜಾಗಗಳಲ್ಲಿಯೇ.

## ಇತಿಹಾಸ

### ಸಾಂಪ್ರದಾಯಿಕ ಮಳೆ ಉಡುಪುಗಳು

ಮಳೆ ಹೆಚ್ಚಿರುವ ಪ್ರದೇಶಗಳ ಜನರು ಸ್ಥಳೀಯವಾಗಿ ದೊರೆಯುವ ವಸ್ತುಗಳಿಂದ ಮಳೆ ಉಡುಪುಗಳನ್ನು ರೂಪಿಸಿಕೊಂಡಿದ್ದರು. ಆರ್ಕ್ಟಿಕ್ ಪ್ರದೇಶದ ಸಮುದಾಯಗಳು ಸೀಲ್ ಮತ್ತು ವಾಲ್ರಸ್ ಪ್ರಾಣಿಗಳ ಕರುಳನ್ನು ಒಣಗಿಸಿ, ಹೊಲಿದು, ನೀರಿಳಿಯದ ಅಂಗಿಗಳನ್ನು ತಯಾರಿಸುತ್ತಿದ್ದವು. ಚೀನಾ ಮತ್ತು ಜಪಾನ್ ದೇಶಗಳಲ್ಲಿ ಹುಲ್ಲಿನ ಮೇಲುಹೊದಿಕೆಗಳು ಬಳಕೆಯಲ್ಲಿದ್ದವು. ದಕ್ಷಿಣ ಅಮೆರಿಕದ ಮೂಲನಿವಾಸಿಗಳು ರಬ್ಬರ್ ಮರದ ಹಾಲನ್ನು ಬಟ್ಟೆಗೆ ಸವರುತ್ತಿದ್ದರು. ಮೇಘಾಲಯದ ಖಾಸಿ ಜನರು ಬಿದಿರು ಮತ್ತು ಎಲೆಗಳಿಂದ ಹೆಣೆಯುವ, ಬೆನ್ನನ್ನು ಪೂರ್ತಿ ಮುಚ್ಚುವ ‘ಕ್ನುಪ್’ ಇಂದಿಗೂ ಅಲ್ಲಿನ ಹೊಲಗಳಲ್ಲಿ ಕಾಣಸಿಗುತ್ತದೆ.

ಕರ್ನಾಟಕದ ಮಲೆನಾಡಿನಲ್ಲಿ ಕಂಬಳಿಕೊಪ್ಪೆ ಮತ್ತು ಗೊರಬು ಇದೇ ಉದ್ದೇಶಕ್ಕೆ ಬಳಕೆಯಾಗಿವೆ. ಉಣ್ಣೆಯ ಕಂಬಳಿಯ ಒಂದು ಮೂಲೆಯನ್ನು ಒಳಕ್ಕೆ ಮಡಚಿ ತಲೆಯ ಮೇಲಿಂದ ಇಳಿಬಿಟ್ಟರೆ ಅದು ಕಂಬಳಿಕೊಪ್ಪೆ. ಉಣ್ಣೆಯು ತನ್ನ ತೂಕದ ಸುಮಾರು ಮೂರನೆಯ ಒಂದು ಭಾಗದಷ್ಟು ತೇವವನ್ನು ಒಳಗೆ ಹೀರಿಕೊಂಡರೂ ಸ್ವಲ್ಪಮಟ್ಟಿಗೆ ಬೆಚ್ಚಗಿರುತ್ತದೆ. ಬಿದಿರಿನ ಹೆಣಿಗೆ ಮತ್ತು ಎಲೆಗಳಿಂದ ಮಾಡುವ ಗೊರಬು ತಲೆಯಿಂದ ಸೊಂಟದವರೆಗೆ ಮರೆಯಾಗಿದ್ದು, ಬಗ್ಗಿ ಸಸಿ ನೆಡುವವರ ಬೆನ್ನನ್ನು ಮಳೆಯಿಂದ ಕಾಯುತ್ತಿತ್ತು. ಇದು ಮೈಗೆ ಅಂಟದೆ ದೂರ ನಿಲ್ಲುವುದರಿಂದ ಅಡಿಯಲ್ಲಿ ಗಾಳಿ ಧಾರಾಳವಾಗಿ ಆಡುತ್ತದೆ. ಪ್ಲಾಸ್ಟಿಕ್ ಹಾಳೆಗಳು ಅಗ್ಗವಾಗಿ ದೊರೆಯತೊಡಗಿದ ಮೇಲೆ ಇವೆರಡರ ಬಳಕೆಯೂ ಕಡಿಮೆಯಾಯಿತು.

### ರಬ್ಬರಿನಿಂದ ಪೊರೆಯವರೆಗೆ

ಆಧುನಿಕ ಮಳೆ ಉಡುಪಿನ ಇತಿಹಾಸವನ್ನು ಸಾಮಾನ್ಯವಾಗಿ ಸ್ಕಾಟ್ಲೆಂಡಿನ ರಸಾಯನತಜ್ಞ ಚಾರ್ಲ್ಸ್ ಮ್ಯಾಕಿಂತೋಷ್‌ನಿಂದ ಆರಂಭಿಸುತ್ತಾರೆ. ನ್ಯಾಫ್ತಾದಲ್ಲಿ ಕರಗಿಸಿದ ರಬ್ಬರನ್ನು ಎರಡು ಪದರ ಬಟ್ಟೆಗಳ ನಡುವೆ ಅಂಟಿಸುವ ವಿಧಾನಕ್ಕೆ ಆತ 1823ರಲ್ಲಿ ಪೇಟೆಂಟ್ ಪಡೆದನು. ಈ ಬಟ್ಟೆ ಚಳಿಯಲ್ಲಿ ಬಿರುಸಾಗಿ, ಬಿಸಿಲಿನಲ್ಲಿ ಅಂಟಂಟಾಗುತ್ತಿತ್ತು. 1840ರ ದಶಕದಲ್ಲಿ ಇಂಗ್ಲೆಂಡಿನ ಥಾಮಸ್ ಹ್ಯಾನ್‌ಕಾಕ್ ಮತ್ತು ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ರಬ್ಬರಿನ ವಲ್ಕನೀಕರಣಕ್ಕೆ ಪೇಟೆಂಟ್ ಪಡೆದ ಬಳಿಕ ಈ ದೋಷ ಬಹುಮಟ್ಟಿಗೆ ನಿವಾರಣೆಯಾಯಿತು. ಬೆವರಿನ ಆವಿ ಹೊರಹೋಗದ ತೊಂದರೆ ಮಾತ್ರ ಹಾಗೆಯೇ ಉಳಿಯಿತು. ಥಾಮಸ್ ಬರ್ಬೆರಿ 1888ರಲ್ಲಿ ಪೇಟೆಂಟ್ ಪಡೆದ ಗ್ಯಾಬರ್ಡೀನ್ ಎಂಬ ಒತ್ತೊತ್ತಾದ ನೇಯ್ಗೆಯ ಬಟ್ಟೆಯಲ್ಲಿ ಗಾಳಿಯಾಟವಿತ್ತು. ಆದರೆ ಅದು ಬಿರುಮಳೆಯನ್ನು ಬಹಳ ಹೊತ್ತು ತಡೆಯುತ್ತಿರಲಿಲ್ಲ. ಭಾರತದಲ್ಲಿ 1920ರಲ್ಲಿ ಸುರೇಂದ್ರ ಮೋಹನ್ ಬೋಸ್ ಅವರು ಕಲ್ಕತ್ತೆಯಲ್ಲಿ ಆರಂಭಿಸಿದ ಬೆಂಗಾಲ್ ವಾಟರ್‌ಪ್ರೂಫ್ ಸಂಸ್ಥೆಯ ‘ಡಕ್‌ಬ್ಯಾಕ್’ ಮಳೆಕೋಟುಗಳು ಹೆಸರುವಾಸಿಯಾದವು.

1935ರಲ್ಲಿ ಡುಪಾಂಟ್ ಕಂಪನಿಯ ಪ್ರಯೋಗಾಲಯದಲ್ಲಿ ವ್ಯಾಲೇಸ್ ಕ್ಯಾರೊಥರ್ಸ್ ನೈಲಾನನ್ನು ಸಂಶ್ಲೇಷಿಸಿದನು. ಹಗುರವೂ ಗಟ್ಟಿಯೂ ಆದ ಈ ನೂಲು ಮಳೆ ಉಡುಪಿನ ತೂಕವನ್ನು ಇಳಿಸಿತು. ಮುಂದಿನ ದೊಡ್ಡ ಬದಲಾವಣೆ 1969ರಲ್ಲಿ ಆಯಿತು. ರಾಬರ್ಟ್ ಗೋರ್ ಬಿಸಿ ಮಾಡಿದ ಪಿಟಿಎಫ್‌ಇ ಪ್ಲಾಸ್ಟಿಕ್ಕನ್ನು ಹಠಾತ್ತನೆ ಎಳೆದಾಗ ಅದು ಅಸಂಖ್ಯ ಸೂಕ್ಷ್ಮ ರಂಧ್ರಗಳುಳ್ಳ ಪೊರೆಯಾಯಿತು. ಈ ರಂಧ್ರಗಳು ನೀರಿನ ಹನಿ ನುಸುಳಲಾರದಷ್ಟು ಕಿರಿದು, ಆವಿಯ ಕಣಗಳು ಹಾಯುವಷ್ಟು ಹಿರಿದು. ‘ಗೋರ್‌ಟೆಕ್ಸ್’ ಹೆಸರಿನಲ್ಲಿ ಇದು 1976ರಲ್ಲಿ ಮಾರುಕಟ್ಟೆಗೆ ಬಂದಿತು. ಅನಂತರ ಪಾಲಿಯುರೆಥೇನ್ ಆಧಾರಿತ ಅಗ್ಗದ ಲೇಪನಗಳು ಮತ್ತು ಪೊರೆಗಳು ವ್ಯಾಪಕವಾಗಿ ಬಳಕೆಗೆ ಬಂದವು. ಇಂದು ಕಡಿಮೆ ಬೆಲೆಗೆ ದೊರೆಯುವ ಬಹುತೇಕ ಹಗುರ ಜಾಕೆಟ್ಟುಗಳು ಈ ಗುಂಪಿಗೆ ಸೇರುತ್ತವೆ.

## ರಚನೆ

### ಪದರಗಳು

ಮಳೆ ಜಾಕೆಟ್ಟುಗಳನ್ನು ಪದರಗಳ ಆಧಾರದ ಮೇಲೆ ಮೂರು ಬಗೆಯಾಗಿ ವಿಂಗಡಿಸುತ್ತಾರೆ.

* ಎರಡು ಪದರ: ಹೊರಬಟ್ಟೆಗೆ ಪೊರೆ ಅಥವಾ ಲೇಪನ ಅಂಟಿರುತ್ತದೆ. ಅದನ್ನು ಕಾಪಾಡಲು ಒಳಗೆ ಜಾಲರಿಯಂತಹ ಸಡಿಲ ಅಸ್ತರಿ ಇರುತ್ತದೆ. ಬೆಲೆ ಕಡಿಮೆ, ತೂಕ ಹೆಚ್ಚು.
* ಎರಡೂವರೆ ಪದರ: ಸಡಿಲ ಅಸ್ತರಿಯ ಬದಲು ಲೇಪನದ ಮೇಲೆ ಚುಕ್ಕಿ ಅಥವಾ ಗೆರೆಗಳ ತೆಳುವಾದ ರಕ್ಷಣಾ ಮುದ್ರಣವಿರುತ್ತದೆ. ಹಗುರ ಮತ್ತು ಅಗ್ಗವಾದ ಹಲವು ಜಾಕೆಟ್ಟುಗಳು ಈ ಬಗೆಯವು. ಬೆವರಿದಾಗ ಒಳಮೈ ಚರ್ಮಕ್ಕೆ ಅಂಟುವುದು ಇವುಗಳ ದೋಷ.
* ಮೂರು ಪದರ: ಹೊರಬಟ್ಟೆ, ಪೊರೆ ಮತ್ತು ತೆಳುವಾದ ಒಳಬಟ್ಟೆ ಮೂರೂ ಒಂದಕ್ಕೊಂದು ಅಂಟಿರುತ್ತವೆ. ಬಾಳಿಕೆ ಹೆಚ್ಚು, ಬೆಲೆಯೂ ಹೆಚ್ಚು.

ಹೊರಬಟ್ಟೆಯ ನೂಲಿನ ದಪ್ಪವನ್ನು ಡೆನಿಯರ್ ಎಂಬ ಮಾನದಲ್ಲಿ ಹೇಳುತ್ತಾರೆ. 9,000 ಮೀಟರ್ ಉದ್ದದ ನೂಲು ಎಷ್ಟು ಗ್ರಾಂ ತೂಗುತ್ತದೆಯೋ ಅದೇ ಅದರ ಡೆನಿಯರ್. ಸಂಖ್ಯೆ ಕಡಿಮೆಯಾದಷ್ಟೂ ಬಟ್ಟೆ ಹಗುರವಾಗುತ್ತದೆ, ಜೊತೆಗೆ ಮುಳ್ಳು, ಬಂಡೆಗಳಿಗೆ ತಗುಲಿ ಹರಿಯುವ ಸಂಭವವೂ ಹೆಚ್ಚುತ್ತದೆ.

### ಹೊರಮೈಯ ಜಲವಿಕರ್ಷಕ ಲೇಪ

ಹೊಸ ಜಾಕೆಟ್ಟಿನ ಮೇಲೆ ನೀರು ಕೆಸುವಿನ ಎಲೆಯ ಮೇಲಿನಂತೆ ಮಣಿಮಣಿಯಾಗಿ ಉರುಳುತ್ತದೆ. ಇದಕ್ಕೆ ಕಾರಣ ಹೊರಬಟ್ಟೆಗೆ ಹಚ್ಚಿದ ಜಲವಿಕರ್ಷಕ ಲೇಪ. ಇದನ್ನು ‘ಡಿಡಬ್ಲ್ಯೂಆರ್’ ಎಂಬ ಸಂಕ್ಷಿಪ್ತ ಹೆಸರಿನಿಂದ ಗುರುತಿಸುತ್ತಾರೆ. ಇದು ನೀರು ತಡೆಯುವ ಒಳಪೊರೆಗಿಂತ ಬೇರೆಯಾದುದು. ಬಳಕೆ, ಕೊಳೆ ಮತ್ತು ಬೆನ್ನುಚೀಲದ ಉಜ್ಜುವಿಕೆಯಿಂದ ಈ ಲೇಪ ಸವೆದಾಗ ಹೊರಬಟ್ಟೆ ನೀರನ್ನು ಹೀರಿ ತೊಯ್ಯುತ್ತದೆ. ಆಗ ಪೊರೆಯ ಮೂಲಕ ಆವಿ ಹೊರಹೋಗುವುದು ಬಹುಮಟ್ಟಿಗೆ ನಿಂತು, ಬೆವರು ಒಳಗೇ ಉಳಿಯುತ್ತದೆ. ಬಳಕೆದಾರರು ಇದನ್ನು ಜಾಕೆಟ್ ಸೋರುತ್ತಿದೆ ಎಂದು ತಪ್ಪಾಗಿ ತಿಳಿಯುವುದುಂಟು.

## ಅಳತೆಗಳು ಮತ್ತು ಅವುಗಳ ಅರ್ಥ

### ಜಲಸ್ತಂಭದ ಅಳತೆ

ಬಟ್ಟೆಯೊಂದು ಎಷ್ಟು ಎತ್ತರದ ನೀರಿನ ಕಂಬದ ಒತ್ತಡವನ್ನು ತಡೆಯಬಲ್ಲದು ಎಂಬುದನ್ನು ಮಿಲಿಮೀಟರ್‌ಗಳಲ್ಲಿ ನಮೂದಿಸುತ್ತಾರೆ. ಐಎಸ್‌ಒ 811 ಇದಕ್ಕೆ ಸಂಬಂಧಿಸಿದ ಅಂತರರಾಷ್ಟ್ರೀಯ ಪರೀಕ್ಷಾ ಮಾನದಂಡಗಳಲ್ಲಿ ಒಂದು. 10,000 ಮಿ.ಮೀ. ಎಂದರೆ ಹತ್ತು ಮೀಟರ್ ಎತ್ತರದ ನೀರಿನ ಒತ್ತಡ, ಅಂದರೆ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋಗ್ರಾಂ ಭಾರ. 1,500 ಮಿ.ಮೀ. ಆಸುಪಾಸಿನ ಬಟ್ಟೆ ಸಾಧಾರಣ ಮಳೆಗೆ ಸಾಕು ಎಂದು ಹಲವು ತಯಾರಕರು ಪರಿಗಣಿಸುತ್ತಾರೆ. ಭಾರದ ಚೀಲ ಹೊತ್ತು ನಡೆಯುವಾಗ ಭುಜದ ಪಟ್ಟಿಗಳ ಕೆಳಗೆ, ಒದ್ದೆ ಬಂಡೆಯ ಮೇಲೆ ಕುಳಿತಾಗ ಆಸನದ ಭಾಗದಲ್ಲಿ ಒತ್ತಡ ಹೆಚ್ಚುವುದರಿಂದ ಚಾರಣಕ್ಕೆ 5,000ದಿಂದ 10,000 ಮಿ.ಮೀ. ಅಳತೆಯ ಜಾಕೆಟ್ಟುಗಳನ್ನು ಆಯ್ದುಕೊಳ್ಳುವುದು ರೂಢಿ.

ಈ ಸಂಖ್ಯೆ ಹೊಸ ಬಟ್ಟೆಯ ತುಂಡಿಗೆ ಸಂಬಂಧಿಸಿದ್ದು. ಹೊಲಿಗೆ, ಜಿಪ್ ಮತ್ತು ಕತ್ತಿನ ಭಾಗದ ಬಗ್ಗೆ ಅದು ಏನನ್ನೂ ತಿಳಿಸುವುದಿಲ್ಲ.

### ಆವಿ ಹಾಯುವಿಕೆ

ಜಾಹೀರಾತುಗಳಲ್ಲಿ ‘ಬ್ರೀದಬಲ್’ ಎಂದು ಹೇಳುವ ಗುಣವನ್ನು ಎರಡು ಬಗೆಯಲ್ಲಿ ಅಳೆಯುತ್ತಾರೆ. ಮೊದಲನೆಯದು, ಒಂದು ಚದರ ಮೀಟರ್ ಬಟ್ಟೆಯ ಮೂಲಕ 24 ಗಂಟೆಗಳಲ್ಲಿ ಎಷ್ಟು ಗ್ರಾಂ ಆವಿ ಹಾಯುತ್ತದೆ ಎಂಬ ಲೆಕ್ಕ. ಎರಡನೆಯದು, ಆವಿಗೆ ಬಟ್ಟೆ ಒಡ್ಡುವ ತಡೆಯ ಅಳತೆ. ‘ಆರ್‌ಇಟಿ’ ಎನ್ನುವ ಇದರಲ್ಲಿ ಸಂಖ್ಯೆ ಕಡಿಮೆಯಿದ್ದಷ್ಟೂ ಉತ್ತಮ. 6ಕ್ಕಿಂತ ಕಡಿಮೆಯಿದ್ದರೆ ಆವಿ ಚೆನ್ನಾಗಿ ಹಾಯುತ್ತದೆಂದೂ 20ಕ್ಕಿಂತ ಹೆಚ್ಚಿದ್ದರೆ ಹಾಯುವುದು ತೀರ ಕಡಿಮೆಯೆಂದೂ ಸಾಮಾನ್ಯವಾಗಿ ಪರಿಗಣಿಸುತ್ತಾರೆ. ಮೊದಲನೆಯ ಅಳತೆಗೆ ಹಲವು ಪರೀಕ್ಷಾ ವಿಧಾನಗಳಿದ್ದು, ಒಂದೇ ಬಟ್ಟೆಗೆ ಬೇರೆ ಬೇರೆ ವಿಧಾನದಲ್ಲಿ ಬೇರೆ ಬೇರೆ ಸಂಖ್ಯೆಗಳು ಬರುತ್ತವೆ. ವಿಧಾನ ತಿಳಿಸದ ಸಂಖ್ಯೆಗಳನ್ನು ಹೋಲಿಸುವುದರಿಂದ ಹೆಚ್ಚಿನ ಪ್ರಯೋಜನವಿಲ್ಲ.

ಈ ಸಂಖ್ಯೆಗಳ ಮಿತಿಯನ್ನು ಒಂದು ಲೆಕ್ಕದಿಂದ ತಿಳಿಯಬಹುದು. ದಿನಕ್ಕೆ ಚದರ ಮೀಟರಿಗೆ 10,000 ಗ್ರಾಂ ಎಂದರೆ ಗಂಟೆಗೆ ಸುಮಾರು 417 ಗ್ರಾಂ. ಇದು ಪ್ರಯೋಗಾಲಯದ ಅನುಕೂಲ ಸ್ಥಿತಿಯ ಅಳತೆ. ಕಡಿದಾದ ಏರುದಾರಿಯಲ್ಲಿ ನಡೆಯುವ ವ್ಯಕ್ತಿ ಗಂಟೆಗೆ ಅರ್ಧದಿಂದ ಒಂದು ಲೀಟರಿನಷ್ಟು ಬೆವರಬಹುದು. ಆದ್ದರಿಂದ ಒಳ್ಳೆಯ ಬಟ್ಟೆಯೂ ಶ್ರಮದ ಏರಿನಲ್ಲಿ ಬೆವರನ್ನೆಲ್ಲ ಹೊರಹಾಕಲಾರದು.

### ಹವಾಮಾನದ ಪ್ರಭಾವ

ಪೊರೆಯ ಮೂಲಕ ಆವಿ ಹೊರಹೋಗಲು ಒಳಗಿನ ಆವಿಯೊತ್ತಡ ಹೊರಗಿನದಕ್ಕಿಂತ ಹೆಚ್ಚಿರಬೇಕು. ಬೆವರಿನಿಂದ ತೇವಗೊಂಡ, 34 °ಸೆ. ಉಷ್ಣಾಂಶದ ಚರ್ಮದ ಬಳಿ ಆವಿಯೊತ್ತಡ ಸುಮಾರು 5.3 ಕಿಲೋಪ್ಯಾಸ್ಕಲ್ ಇರುತ್ತದೆ. 22 °ಸೆ. ಉಷ್ಣಾಂಶ ಮತ್ತು ಶೇ. 95 ಆರ್ದ್ರತೆಯ ಮಳೆಗಾಲದ ಗಾಳಿಯಲ್ಲಿ ಅದು ಸುಮಾರು 2.5 ಕಿಲೋಪ್ಯಾಸ್ಕಲ್. ಅಷ್ಟೇ ಆರ್ದ್ರತೆಯ 5 °ಸೆ. ಗಾಳಿಯಲ್ಲಿ ಕೇವಲ 0.8 ಕಿಲೋಪ್ಯಾಸ್ಕಲ್. ಅಂದರೆ ಆವಿಯನ್ನು ಹೊರದೂಡುವ ಒತ್ತಡದ ಅಂತರ ಬೆಚ್ಚನೆಯ ಮಳೆಯಲ್ಲಿ 2.8, ತಣ್ಣನೆಯ ಮಳೆಯಲ್ಲಿ 4.5 ಕಿಲೋಪ್ಯಾಸ್ಕಲ್.

ಇದರಿಂದ ದುಬಾರಿ ಪೊರೆಯ ಅನುಕೂಲ ಪಶ್ಚಿಮ ಘಟ್ಟದ ಮುಂಗಾರಿನಂತಹ ಬೆಚ್ಚನೆಯ, ತೇವಭರಿತ ಹವೆಯಲ್ಲಿ ಕುಗ್ಗುತ್ತದೆ ಎಂಬುದು ಸ್ಪಷ್ಟವಾಗುತ್ತದೆ. ಅಂತಹ ಕಡೆ ಕಂಕುಳ ಜಿಪ್, ಸಡಿಲವಾದ ಅಳತೆ, ತೆರೆದ ಅಂಚು ಮುಂತಾದ ಗಾಳಿಯಾಟದ ವ್ಯವಸ್ಥೆಗಳು ಪೊರೆಗಿಂತ ಹೆಚ್ಚು ಕೆಲಸ ಮಾಡುತ್ತವೆ. ತಣ್ಣನೆಯ ಹವೆಯಲ್ಲಿ ಪೊರೆಯ ಪ್ರಯೋಜನ ಹೆಚ್ಚು. ಆದರೂ ಜಾಕೆಟ್ಟಿನ ಒಳಮೈ ತಂಪಾಗಿ ಅಲ್ಲಿಯೇ ಆವಿ ಹನಿಗಟ್ಟುವುದನ್ನು ಪೂರ್ತಿಯಾಗಿ ತಪ್ಪಿಸಲಾಗದು.

## ವಿಧಗಳು

| ವಿಧ | ತೂಕ | ಅನುಕೂಲ | ಮಿತಿ |
|---|---|---|---|
| ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಹೊದಿಕೆ | 100 ಗ್ರಾಂಗಿಂತ ಕಡಿಮೆ | ಅತಿ ಅಗ್ಗ | ಗಾಳಿಗೆ ಬೇಗ ಹರಿಯುತ್ತದೆ, ಕಸವಾಗುತ್ತದೆ |
| ಪಿವಿಸಿ ಮಳೆಕೋಟು | ಅರ್ಧ ಕಿಲೋ ಅಥವಾ ಹೆಚ್ಚು | ಅಗ್ಗ. ನೀರು ಇಳಿಯದು | ಭಾರ. ಆವಿ ಹಾಯದು |
| ಪಾಂಚೊ | 200–400 ಗ್ರಾಂ | ಉತ್ತಮ ಗಾಳಿಯಾಟ. ಬೆನ್ನುಚೀಲವನ್ನೂ ಮುಚ್ಚುತ್ತದೆ | ಬಿರುಗಾಳಿಗೆ ಹಾರುತ್ತದೆ. ಕಾಲಿಗೆ ತೊಡರಬಹುದು |
| ನೇಯದ ಪಾಲಿಪ್ರೊಪಿಲೀನ್ ಜಾಕೆಟ್ | 150–250 ಗ್ರಾಂ | ಅಗ್ಗ, ಹಗುರ. ಆವಿ ಹಾಯುತ್ತದೆ | ಮುಳ್ಳುಪೊದೆಗೆ ತಡೆಯದು |
| ಪಾಲಿಯುರೆಥೇನ್ ಲೇಪಿತ ಜಾಕೆಟ್ | 200–400 ಗ್ರಾಂ | ಬೆಲೆ, ತೂಕ, ಬಾಳಿಕೆಗಳ ಸಮತೋಲನ | ಏರಿನಲ್ಲಿ ಬೆವರು. ಕೆಲವು ವರ್ಷಗಳಲ್ಲಿ ಲೇಪನ ಸುಲಿಯುತ್ತದೆ |
| ಮೂರು ಪದರದ ಪೊರೆ ಜಾಕೆಟ್ | 300–500 ಗ್ರಾಂ | ಬಾಳಿಕೆ. ತಣ್ಣನೆಯ ಹವೆಗೆ ಉತ್ತಮ | ದುಬಾರಿ |

ಭಾರತದಲ್ಲಿ ಪಿವಿಸಿ ಕೋಟುಗಳು ಕೆಲವು ನೂರು ರೂಪಾಯಿಗಳಿಗೆ ದೊರೆಯುತ್ತವೆ. ಲೇಪಿತ ಜಾಕೆಟ್ಟುಗಳು ಸಾವಿರ ರೂಪಾಯಿಯ ಆಸುಪಾಸಿನಿಂದ ಕೆಲವು ಸಾವಿರಗಳವರೆಗೆ ಇವೆ. ಆಮದಾದ ಮೂರು ಪದರದ ಜಾಕೆಟ್ಟುಗಳ ಬೆಲೆ ಹತ್ತು ಸಾವಿರವನ್ನೂ ಮೀರುತ್ತದೆ.

ಮಾರುಕಟ್ಟೆಯಲ್ಲಿ ಮಳೆ ಜಾಕೆಟ್ ಎಂದು ಭ್ರಮಿಸಿ ಕೊಳ್ಳುವ ಉಡುಪುಗಳಲ್ಲಿ ವಿಂಡ್‌ಚೀಟರ್ ಮುಖ್ಯವಾದುದು. ಇದು ಗಾಳಿಯನ್ನು ತಡೆಯುತ್ತದೆ, ತುಂತುರು ಹನಿಯನ್ನು ಸ್ವಲ್ಪ ಹೊತ್ತು ತಾಳುತ್ತದೆ. ಮಳೆಯಲ್ಲಿ ಬೇಗನೆ ತೊಯ್ಯುತ್ತದೆ. ಚೀಟಿಯ ಮೇಲೆ ‘ವಾಟರ್ ರೆಸಿಸ್ಟೆಂಟ್’ ಎಂದಿದ್ದರೆ ಅದು ಹನಿಯನ್ನು ತಕ್ಕಮಟ್ಟಿಗೆ ತಾಳುವ ಬಟ್ಟೆ, ‘ವಾಟರ್‌ಪ್ರೂಫ್’ ಎಂದಿದ್ದರೆ ನೀರು ಇಳಿಯದ ಬಟ್ಟೆ ಎಂಬ ವ್ಯತ್ಯಾಸವನ್ನು ಗಮನಿಸಬೇಕಾಗುತ್ತದೆ. ದ್ವಿಚಕ್ರ ವಾಹನ ಸವಾರರಿಗಾಗಿ ತಯಾರಿಸಿದ ಮಳೆಕೋಟುಗಳು ನೀರನ್ನು ಚೆನ್ನಾಗಿ ತಡೆಯುತ್ತವೆ. ಆದರೆ ಅವು ಕುಳಿತವರಿಗೆ ಹೊಂದುವಂತೆ ರೂಪಿಸಿದವು. ಅವುಗಳನ್ನು ಧರಿಸಿ ಬೆಟ್ಟ ಹತ್ತುವಾಗ ಮೈ ಬೆವರಿನಿಂದಲೇ ತೋಯುತ್ತದೆ.

## ಆಯ್ಕೆಯ ಮಾನದಂಡಗಳು

ಕಡಿಮೆ ಬೆಲೆಯ ಜಾಕೆಟ್ಟುಗಳಲ್ಲಿ ಬಟ್ಟೆಯ ಗುಣಮಟ್ಟ ಬಹುತೇಕ ಒಂದೇ ತೆರನಾಗಿರುತ್ತದೆ. ಅವುಗಳ ನಡುವಿನ ನಿಜವಾದ ವ್ಯತ್ಯಾಸ ಹೊಲಿಗೆ ಮತ್ತು ವಿನ್ಯಾಸದಲ್ಲಿ ಕಾಣುತ್ತದೆ.

ಹೊಲಿಗೆಯ ಪಟ್ಟಿ: ಸೂಜಿ ಚುಚ್ಚಿದ ಪ್ರತಿಯೊಂದು ತೂತೂ ನೀರಿಗೆ ದಾರಿ. ಜಾಕೆಟ್ಟನ್ನು ಒಳಮಗ್ಗುಲು ತಿರುಗಿಸಿದಾಗ ಎಲ್ಲ ಹೊಲಿಗೆಗಳ ಮೇಲೂ ಹೊಳಪಿನ ಪಟ್ಟಿ ಅಂಟಿರುವುದು ಕಾಣಬೇಕು. ಕೆಲವು ಅಗ್ಗದ ಜಾಕೆಟ್ಟುಗಳಲ್ಲಿ ಭುಜ ಮತ್ತು ತಲೆಮುಸುಕಿನ ಹೊಲಿಗೆಗಳಿಗೆ ಮಾತ್ರ ಪಟ್ಟಿ ಹಾಕಿರುತ್ತಾರೆ. ಪಟ್ಟಿಯೇ ಇಲ್ಲದ ಜಾಕೆಟ್ಟಿನ ಜಲಸ್ತಂಭದ ಅಳತೆ ಎಷ್ಟಿದ್ದರೂ ಅದು ಸೋರುತ್ತದೆ. ಕೊಳ್ಳುವ ಮುನ್ನ ಒಂದೇ ಅಂಶವನ್ನು ಪರೀಕ್ಷಿಸಲು ಸಾಧ್ಯವಿದ್ದರೆ ಇದನ್ನು ಪರೀಕ್ಷಿಸುವುದು ಉಚಿತ.

ತಲೆಮುಸುಕು: ಮಳೆನೀರು ಹೆಚ್ಚಾಗಿ ಒಳಸೇರುವುದು ಕತ್ತಿನ ಮೂಲಕ. ಮುಸುಕಿಗೆ ಹಣೆಯ ಮೇಲೆ ಚಾಚಿದ ಗಟ್ಟಿ ಅಂಚು ಮತ್ತು ಬಿಗಿಗೊಳಿಸುವ ದಾರಗಳಿರಬೇಕು. ತಲೆ ತಿರುಗಿಸಿದಾಗ ಮುಸುಕೂ ಜೊತೆಗೆ ತಿರುಗದಿದ್ದರೆ ಪಕ್ಕದ ನೋಟ ಮರೆಯಾಗಿ, ಜಾರುವ ದಾರಿಯಲ್ಲಿ ಅಪಾಯಕ್ಕೆ ಕಾರಣವಾಗುತ್ತದೆ. ಅಂಚಿಲ್ಲದ ಮುಸುಕಿನ ಒಳಗೆ ಮುಂಚಾಚುಳ್ಳ ಟೋಪಿ ಧರಿಸುವುದು ಅಗ್ಗದ ಪರಿಹಾರ.

ಗಾಳಿಯಾಟ: ಕಂಕುಳಲ್ಲಿ ತೆರೆಯುವ ಜಿಪ್ ಅತ್ಯಂತ ಉಪಯುಕ್ತ. ಅದಿಲ್ಲದಿದ್ದರೆ ಎರಡು ಕಡೆಯಿಂದಲೂ ತೆರೆಯುವ ಮುಂಭಾಗದ ಜಿಪ್ ಅಥವಾ ಜಾಲರಿ ಒಳಪದರದ ಜೇಬುಗಳು ಸ್ವಲ್ಪಮಟ್ಟಿಗೆ ಆ ಕೆಲಸ ಮಾಡುತ್ತವೆ.

ಜಿಪ್ ಮತ್ತು ಜೇಬು: ಜಿಪ್ಪಿನ ಮೇಲೆ ಮುಚ್ಚುಪಟ್ಟಿ ಇಲ್ಲವೇ ಅದರ ಹಲ್ಲುಗಳಿಗೆ ನೀರುತಡೆ ಲೇಪ ಇರಬೇಕು. ಬೆನ್ನುಚೀಲದ ಸೊಂಟಪಟ್ಟಿಯ ಅಡಿ ಸಿಲುಕುವ ಜೇಬುಗಳಿಂದ ಪ್ರಯೋಜನವಿಲ್ಲ. ಜೇಬುಗಳಿಗೂ ನೀರು ನುಗ್ಗುವುದರಿಂದ ಮೊಬೈಲನ್ನು ಪ್ರತ್ಯೇಕ ಪ್ಲಾಸ್ಟಿಕ್ ಚೀಲದಲ್ಲಿ ಇಡುವುದು ಒಳ್ಳೆಯದು.

ಅಳತೆ: ಒಳಗೆ ಉಣ್ಣೆಯ ಅಥವಾ ಫ್ಲೀಸ್ ಅಂಗಿ ಧರಿಸಿ, ಎರಡೂ ಕೈಗಳನ್ನು ತಲೆಯ ಮೇಲೆತ್ತಿ ನೋಡಬೇಕು. ಆಗ ಸೊಂಟ ಬಯಲಾಗಬಾರದು, ತೋಳಿನ ಅಂಚು ಮಣಿಕಟ್ಟಿನಿಂದ ಬಹಳ ಮೇಲೆ ಸರಿಯಬಾರದು.

ಬಣ್ಣ: ಮಂಜು ಕವಿದ ಬೆಟ್ಟದಲ್ಲಿ ಹಸಿರು, ಬೂದು, ಕಪ್ಪು ಬಣ್ಣಗಳು ಕೆಲವೇ ಹೆಜ್ಜೆಗಳಲ್ಲಿ ಮರೆಯಾಗುತ್ತವೆ. ಕಿತ್ತಳೆ, ಕೆಂಪು, ಹಳದಿ ಬಣ್ಣಗಳು ಗುಂಪಿನಿಂದ ತಪ್ಪಿಸಿಕೊಂಡವರನ್ನು ಹುಡುಕಲು ನೆರವಾಗುತ್ತವೆ.

ಮನೆಯಲ್ಲಿ ಪರೀಕ್ಷೆ: ಪ್ರವಾಸಕ್ಕೆ ಮೊದಲು ತೆಳುಬಣ್ಣದ ಹತ್ತಿ ಅಂಗಿಯ ಮೇಲೆ ಜಾಕೆಟ್ ಧರಿಸಿ ಸ್ನಾನದ ಷವರ್ ಅಡಿಯಲ್ಲಿ ಹತ್ತು ನಿಮಿಷ ನಿಂತರೆ ಸೋರುವ ಜಾಗಗಳು ಅಂಗಿಯ ಮೇಲೆ ಕಲೆಯಾಗಿ ಕಾಣುತ್ತವೆ. ದೋಷವಿದ್ದರೆ ಹೊಲಿಗೆಗೆ ಹಚ್ಚುವ ಅಂಟಿನಿಂದ ಸರಿಪಡಿಸಬಹುದು.

## ಭಾರತದ ಪರ್ವತ ಪ್ರದೇಶಗಳಲ್ಲಿ ಬಳಕೆ

### ಪಶ್ಚಿಮ ಘಟ್ಟಗಳು

ನೈಋತ್ಯ ಮುಂಗಾರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಶ್ಚಿಮ ಘಟ್ಟಗಳಿಗೆ ಭಾರಿ ಮಳೆ ತರುತ್ತದೆ. ಶಿವಮೊಗ್ಗ ಜಿಲ್ಲೆಯ ಆಗುಂಬೆಯಲ್ಲಿ ವಾರ್ಷಿಕ ಸರಾಸರಿ ಮಳೆ 7,000 ಮಿ.ಮೀ.ಗಿಂತ ಹೆಚ್ಚು. ಕುದುರೆಮುಖ, ಮುಳ್ಳಯ್ಯನಗಿರಿ, ಕುಮಾರ ಪರ್ವತ, ತಡಿಯಂಡಮೋಳ್ ಮೊದಲಾದ ಶಿಖರಗಳ ದಾರಿಗಳು ಬಹುಮಟ್ಟಿಗೆ ಎರಡು ಭಾಗಗಳನ್ನು ಹೊಂದಿವೆ. ಕೆಳಗೆ ಬೆಚ್ಚನೆಯ, ಗಾಳಿಯಾಡದ ಕಾಡು. ಮೇಲೆ ಗಾಳಿ ಬೀಸುವ ತೆರೆದ ಹುಲ್ಲುಗಾವಲು. ಕಾಡಿನ ಭಾಗದಲ್ಲಿ ಜಾಕೆಟ್ ಧರಿಸಿದರೆ ಬೆವರಿನಿಂದ ಒದ್ದೆಯಾಗುವುದು ಖಚಿತವಾದ್ದರಿಂದ ಅನುಭವಿ ಚಾರಣಿಗರು ಅಲ್ಲಿ ಬೇಗ ಒಣಗುವ ಅಂಗಿಯಲ್ಲಿಯೇ ನೆನೆಯುತ್ತ ನಡೆದು, ಹುಲ್ಲುಗಾವಲು ತಲುಪಿದಾಗ ಜಾಕೆಟ್ ತೊಡುವುದುಂಟು. ಕಾಡಿನ ದಾರಿಗೆ ಪಾಂಚೊ, ತೆರೆದ ನೆತ್ತಿಗೆ ಜಾಕೆಟ್ ಹೆಚ್ಚು ಸೂಕ್ತ.

ಒದ್ದೆಯಾದ ಹತ್ತಿ ಬಟ್ಟೆ ಬೇಗ ಒಣಗದೆ ಮೈಯನ್ನು ತಂಪಾಗಿಸುವುದರಿಂದ ಜಾಕೆಟ್ಟಿನ ಒಳಗೆ ಪಾಲಿಯೆಸ್ಟರ್ ಅಥವಾ ಉಣ್ಣೆಯ ಅಂಗಿ ಧರಿಸಲು ಸಲಹೆ ನೀಡಲಾಗುತ್ತದೆ. ಜೊತೆಗೆ ಒಂದು ಜೊತೆ ಒಣ ಬಟ್ಟೆಯನ್ನು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಒಯ್ಯುವುದು ಅತಿ ಕಡಿಮೆ ಖರ್ಚಿನ ಸುರಕ್ಷಾ ಕ್ರಮ. ಜಾಕೆಟ್ ವಿಫಲವಾದಾಗ ಕಾಯುವುದು ಈ ಒಣ ಬಟ್ಟೆಯೇ. ಭಾರಿ ಮಳೆಯ ದಿನಗಳಲ್ಲಿ ಚಾರಣ ದಾರಿಗಳನ್ನು ಮುಚ್ಚುವುದುಂಟಾದ್ದರಿಂದ ಅರಣ್ಯ ಇಲಾಖೆಯ ಅನುಮತಿಯನ್ನು ಮುಂಚಿತವಾಗಿ ಖಚಿತಪಡಿಸಿಕೊಳ್ಳಬೇಕು.

### ಹಿಮಾಲಯ

ಉತ್ತರಾಖಂಡದ ಹೂಗಳ ಕಣಿವೆಯಂತಹ ತಾಣಗಳಿಗೆ ಜನರು ಹೆಚ್ಚಾಗಿ ಹೋಗುವುದು ಜುಲೈ ಮತ್ತು ಆಗಸ್ಟ್ ತಿಂಗಳುಗಳಲ್ಲಿ, ಅಂದರೆ ಮಳೆಗಾಲದಲ್ಲಿಯೇ. 3,000 ಮೀಟರಿಗಿಂತ ಎತ್ತರದಲ್ಲಿ ಮಳೆ ತಣ್ಣಗಿದ್ದು, ಕೆಲವೊಮ್ಮೆ ಆಲಿಕಲ್ಲು ಅಥವಾ ಹಿಮವಾಗಿ ಮಾರ್ಪಡುತ್ತದೆ. ಇಲ್ಲಿ ಪೂರ್ಣ ಪಟ್ಟಿ ಹಾಕಿದ ಹೊಲಿಗೆ, ಬಿಗಿಯಾಗುವ ತಲೆಮುಸುಕು ಮತ್ತು ಮಳೆ ಪ್ಯಾಂಟ್ ಅನಿವಾರ್ಯ. ಎಸೆಯುವ ಪ್ಲಾಸ್ಟಿಕ್ ಹೊದಿಕೆಯನ್ನಷ್ಟೇ ನಂಬಿ ಹೋಗುವುದು ಅಪಾಯಕಾರಿ. ಮಳೆನೆರಳಿನ ಪ್ರದೇಶಗಳಾದ ಲಡಾಖ್ ಮತ್ತು ಸ್ಪಿತಿಯಲ್ಲಿ ಮಳೆ ಕಡಿಮೆ, ಗಾಳಿ ಪ್ರಬಲ. ಅಲ್ಲಿ ಹಗುರ ಜಾಕೆಟ್ ಮುಖ್ಯವಾಗಿ ಗಾಳಿತಡೆಯಾಗಿ ಉಪಯೋಗಕ್ಕೆ ಬರುತ್ತದೆ.

## ನಿರ್ವಹಣೆ ಮತ್ತು ಬಾಳಿಕೆ

ಜಾಕೆಟ್ಟನ್ನು ಒಗೆಯಬಾರದು ಎಂಬ ನಂಬಿಕೆ ವ್ಯಾಪಕವಾಗಿದ್ದರೂ ಅದು ಸರಿಯಲ್ಲ. ಬೆವರು, ಎಣ್ಣೆಯಂಶ ಮತ್ತು ಕೊಳೆ ಸೇರಿದರೆ ಹೊರಲೇಪ ಕೆಲಸ ಮಾಡುವುದಿಲ್ಲ. ಸೌಮ್ಯವಾದ ಸೋಪಿನಿಂದ ಒಗೆದು, ಸೋಪಿನ ಅಂಶ ಉಳಿಯದಂತೆ ಚೆನ್ನಾಗಿ ಜಾಲಿಸಬೇಕು. ಬಟ್ಟೆ ಮೃದುಗೊಳಿಸುವ ದ್ರವ ಮತ್ತು ಬ್ಲೀಚ್ ಬಳಸಬಾರದು. ತಯಾರಕರ ಚೀಟಿಯಲ್ಲಿ ಅನುಮತಿಯಿದ್ದರೆ ಕಡಿಮೆ ಶಾಖದಲ್ಲಿ ಒಣಗಿಸುವುದರಿಂದ ಹೊರಲೇಪ ಸ್ವಲ್ಪಮಟ್ಟಿಗೆ ಚೇತರಿಸಿಕೊಳ್ಳುತ್ತದೆ. ಪೂರ್ತಿ ಸವೆದಿದ್ದರೆ ಸಿಂಪಡಿಸುವ ಲೇಪದಿಂದ ಅದನ್ನು ನವೀಕರಿಸಬಹುದು.

ಪಾಲಿಯುರೆಥೇನ್ ಲೇಪನದ ದೊಡ್ಡ ಶತ್ರು ತೇವಾಂಶ. ಒದ್ದೆಯಾಗಿಯೇ ಮಡಚಿಟ್ಟ ಜಾಕೆಟ್ಟಿನ ಲೇಪನ ಜಲವಿಚ್ಛೇದನೆಯಿಂದ ಅಂಟಂಟಾಗಿ, ದುರ್ವಾಸನೆ ಬೀರಿ, ಕೊನೆಗೆ ಹೊಟ್ಟಿನಂತೆ ಉದುರುತ್ತದೆ. ಮಲೆನಾಡು ಮತ್ತು ಕರಾವಳಿಯ ತೇವದ ಹವೆಯಲ್ಲಿ ಈ ಕ್ರಿಯೆ ಇನ್ನೂ ಬೇಗ ನಡೆಯುತ್ತದೆ. ಪ್ರವಾಸ ಮುಗಿದೊಡನೆ ನೆರಳಿನಲ್ಲಿ ಪೂರ್ತಿ ಒಣಗಿಸಿ, ಚೀಲದಲ್ಲಿ ತುರುಕಿಡುವ ಬದಲು ತೂಗುಹಾಕಿದರೆ ಅಗ್ಗದ ಜಾಕೆಟ್ಟೂ ಹಲವು ಮಳೆಗಾಲ ಬಾಳುತ್ತದೆ. ಸಣ್ಣ ತೂತುಗಳಿಗೆ ಅಂಟುಪಟ್ಟಿಯ ತೇಪೆ ಸಾಕಾಗುತ್ತದೆ.

## ಪರಿಸರದ ಮೇಲೆ ಪರಿಣಾಮ

ಜಲವಿಕರ್ಷಕ ಲೇಪಗಳಲ್ಲಿ ದಶಕಗಳ ಕಾಲ ಬಳಸಿದ ‘ಪಿಎಫ್‌ಎಎಸ್’ ವರ್ಗದ ಫ್ಲೋರಿನ್ ಸಂಯುಕ್ತಗಳು ನಿಸರ್ಗದಲ್ಲಿ ಸುಲಭವಾಗಿ ವಿಘಟಿತವಾಗುವುದಿಲ್ಲ. ನೀರು, ಮಣ್ಣು ಮತ್ತು ಜೀವಿಗಳ ದೇಹದಲ್ಲಿ ಅವು ಸಂಗ್ರಹವಾಗುತ್ತವೆ. ಈ ವರ್ಗದ ‘ಪಿಎಫ್‌ಒಎ’ ಎಂಬ ರಾಸಾಯನಿಕವನ್ನು 2019ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧಿತ ವಸ್ತುಗಳ ಪಟ್ಟಿಗೆ ಸೇರಿಸಲಾಯಿತು. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ 2025ರ ಜನವರಿಯಿಂದ ಉದ್ದೇಶಪೂರ್ವಕವಾಗಿ ಇವುಗಳನ್ನು ಸೇರಿಸಿದ ಹೊಸ ಉಡುಪುಗಳ ಮಾರಾಟಕ್ಕೆ ನಿಷೇಧವಿದೆ. ತೀವ್ರ ಮಳೆಯ ಹೊರಾಂಗಣ ಉಡುಪುಗಳಿಗೆ 2028ರವರೆಗೆ ಕಾಲಾವಕಾಶ ನೀಡಲಾಗಿದೆ. ಗೋರ್ ಸಂಸ್ಥೆಯು 2022ರಲ್ಲಿ ಪಾಲಿಎಥಿಲೀನ್ ಆಧಾರಿತ ಹೊಸ ಪೊರೆಯನ್ನು ಮಾರುಕಟ್ಟೆಗೆ ತಂದಿತು. ಫ್ಲೋರಿನ್ ಇಲ್ಲದ ಲೇಪಗಳು ನೀರನ್ನು ತಡೆಯುತ್ತವೆಯಾದರೂ ಎಣ್ಣೆ ಮತ್ತು ಕೊಳೆಯನ್ನು ಅಷ್ಟಾಗಿ ತಡೆಯುವುದಿಲ್ಲ. ಹೀಗಾಗಿ ಇವುಗಳನ್ನು ಹೆಚ್ಚು ಬಾರಿ ಒಗೆದು, ಲೇಪವನ್ನು ನವೀಕರಿಸಬೇಕಾಗುತ್ತದೆ.

ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಹೊದಿಕೆಗಳು ಪ್ರವಾಸಿ ತಾಣಗಳಲ್ಲಿ ಕಸದ ಸಮಸ್ಯೆಗೆ ಕಾರಣವಾಗಿವೆ. ಹಲವು ವರ್ಷ ಬಾಳುವ, ದುರಸ್ತಿ ಮಾಡಬಹುದಾದ ಒಂದು ಸಾಧಾರಣ ಜಾಕೆಟ್ ಇಂತಹ ಅನೇಕ ಹೊದಿಕೆಗಳ ಬಳಕೆಯನ್ನು ತಪ್ಪಿಸುತ್ತದೆ.

## ಇದನ್ನೂ ನೋಡಿ

* ಚಾರಣ
* ಪಶ್ಚಿಮ ಘಟ್ಟಗಳು
* ಮುಂಗಾರು ಮಳೆಮಾರುತ
* ಕಂಬಳಿ
* ಹೈಪೋಥರ್ಮಿಯಾ
* ಛತ್ರಿ